ಸುಳ್ಳು ಕಂಡರೆ ಕಾಣಲಿ ಬಿಡಿ

ಪಿಯಾನೊ ಒಂದು ಹುಡುಗಿಯನ್ನು ತಿಂದು ಹಾಕುತ್ತದೆ. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ಇಡೀ ಮೈ. ಬೆರಳು ಹೋದಾಗ ಅವಳು ಕಿರುಚುವುದಿಲ್ಲ. ಏನೋ ತಮಾಷೆ ನಡೆದಿದೆ ಅನ್ನುವ ಹಾಗೆ ಕೈಯನ್ನು ಬೆರಗಿನಿಂದ ನೋಡಿಕೊಳ್ಳುತ್ತಾಳೆ. ಸುತ್ತ ಬಣ್ಣಗಳು ಹುಚ್ಚು ಹಿಡಿದಂತೆ ಮಿನುಗುತ್ತವೆ. ಪಕ್ಕದಲ್ಲಿ ಒಂದು ಅಸ್ಥಿಪಂಜರ ಕುಣಿಯುತ್ತಿರುತ್ತದೆ. ತುಂಡಾಗಿ ಬಿದ್ದ ಬೆರಳುಗಳು ಕೀಗಳ ಮೇಲೆ ಓಡಾಡುತ್ತಾ ನುಡಿಸುತ್ತಲೇ ಇರುತ್ತವೆ. ಇದೆಲ್ಲ ಕತ್ತರಿಸಿ ಅಂಟಿಸಿದ್ದು ಅಂತ ಸಣ್ಣ ಮಗುವಿಗೂ ಗೊತ್ತಾಗುತ್ತದೆ. ಅಂಚುಗಳು ಎದ್ದು ಕಾಣುತ್ತವೆ. ಆದರೂ ಒಮ್ಮೆ ನೋಡಿದರೆ ಆ ದೃಶ್ಯ ತಲೆಯಿಂದ ಹೋಗುವುದಿಲ್ಲ.

ಇದು 1977ರ ಜಪಾನಿ ಸಿನಿಮಾ 'ಹೌಸ್'. ನಿರ್ದೇಶಕ ನೊಬುಹಿಕೊ ಒಬಾಯಾಶಿ. ಕಲ್ಟ್ ಹಾರರ್, ಅಂದರೆ ಕೆಲವರು ಹುಚ್ಚು ಹಿಡಿದಂತೆ ಪ್ರೀತಿಸುವ ಭಯದ ಸಿನಿಮಾ, ಅಂದ ಕೂಡಲೇ ನನಗೆ ಮೊದಲು ನೆನಪಾಗುವುದು ಇದೇ. ಇದು ಯಾವ ಮಾಂಗಾವನ್ನೂ, ಅಂದರೆ ಜಪಾನಿ ಕಾಮಿಕ್ಸನ್ನೂ, ಆಧರಿಸಿದ್ದಲ್ಲ. ಆದರೆ ಮಾಂಗಾವನ್ನು ನಿಜವಾದ ನಟರನ್ನಿಟ್ಟು ಲೈವ್ ಆಕ್ಷನ್ ಮಾಡಲು ಹೊರಟವರೆಲ್ಲ ಮೊದಲು ಇದನ್ನು ನೋಡಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಯಾಕೆ ಅಂತ ಹೇಳುವುದಕ್ಕೇ ಈ ಬರಹ. ಮುಂದೆ ಹಲವು ಸಿನಿಮಾಗಳ ಕತೆ ಬಯಲಾಗುತ್ತದೆ, ಬೇಡ ಅನ್ನುವವರು ಇಲ್ಲಿಗೇ ನಿಲ್ಲಿಸಿಬಿಡಿ.

'ಹೌಸ್' ಹುಟ್ಟಿದ ಕತೆಯೇ ಒಂದು ಸಿನಿಮಾದಂತಿದೆ. 1975ರಲ್ಲಿ ಬಂದ 'ಜಾಸ್' ಜಗತ್ತನ್ನೇ ನಡುಗಿಸಿತ್ತು. ಅಂಥದ್ದೇ ಒಂದು ಸಿನಿಮಾ ಬೇಕು ಅಂತ ತೋಹೊ ಸ್ಟುಡಿಯೊ ಒಬಾಯಾಶಿಯನ್ನು ಕೇಳಿತು. ಆತ ಆಗ ಜಾಹೀರಾತು ಲೋಕದ ದೊಡ್ಡ ಹೆಸರು. ಹಾಲಿವುಡ್ಡಿನ ಚಾರ್ಲ್ಸ್ ಬ್ರಾನ್ಸನ್‌ನನ್ನು ಹಾಕಿಕೊಂಡು ಮ್ಯಾಂಡಮ್ ಅನ್ನುವ ಗಂಡಸರ ಪ್ರಸಾಧನದ ಜಾಹೀರಾತು ಮಾಡಿದ್ದವನು. ಅವನು ಹೋಗಿ ಸಲಹೆ ಕೇಳಿದ್ದು ತನ್ನ ಪುಟ್ಟ ಮಗಳು ಚಿಗುಮಿಯನ್ನು. ಅವಳು ತನಗೆ ಭಯವಾಗುವುದನ್ನೆಲ್ಲ ಹೇಳಿದಳು. ಕನ್ನಡಿಯೊಳಗಿನ ತನ್ನ ಮುಖವೇ ತನ್ನ ಮೇಲೆ ಎರಗುವುದು, ಪಿಯಾನೊ ಬೆರಳು ಕಚ್ಚುವುದು, ಬಾವಿಯಲ್ಲಿ ತಣ್ಣಗಾಗಲು ಬಿಟ್ಟ ಕಲ್ಲಂಗಡಿ ಹಣ್ಣು ಮನುಷ್ಯನ ತಲೆಯಂತೆ ಕಾಣುವುದು. ದೊಡ್ಡವರು ತಮಗೆ ಅರ್ಥವಾಗುವುದನ್ನು ಮಾತ್ರ ಯೋಚಿಸುತ್ತಾರೆ, ವಿವರಿಸಲಾಗದ್ದನ್ನು ಮಕ್ಕಳೇ ಕಾಣಬಲ್ಲರು ಅನ್ನುವುದು ಒಬಾಯಾಶಿಯ ನಂಬಿಕೆ. ಚಿತ್ರಕತೆ ಸಿದ್ಧವಾಯಿತು. ತೋಹೊದ ಒಳಗಿನ ನಿರ್ದೇಶಕರು ಯಾರೂ ಅದನ್ನು ಮುಟ್ಟಲು ಒಪ್ಪಲಿಲ್ಲ. ಕೊನೆಗೆ ಹೊರಗಿನವನಾದ ಒಬಾಯಾಶಿಯೇ ಮಾಡಬೇಕಾಯಿತು. ಶುರುವಾಗಲು ತಡವಾಗುತ್ತಲೇ ಹೋಯಿತು. ಅಷ್ಟರಲ್ಲಿ ಆತ ಸುಮ್ಮನೆ ಕೂರಲಿಲ್ಲ. ಕಾದಂಬರಿ, ಮಾಂಗಾ, ರೇಡಿಯೊ ನಾಟಕ, ಹಾಡುಗಳ ಆಲ್ಬಮ್ ಎಲ್ಲವೂ ಸಿನಿಮಾಕ್ಕಿಂತ ಮುಂಚೆಯೇ ಹೊರಬಂದವು. ಮಾಂಗಾದಿಂದ ಸಿನಿಮಾ ಆಗುವುದು ಮಾಮೂಲಿ. ಇಲ್ಲಿ ಇನ್ನೂ ಹುಟ್ಟದ ಸಿನಿಮಾಕ್ಕೆ ಮಾಂಗಾ ಬಂದಿತ್ತು!

ವಿಮರ್ಶಕರು ಮೂಗು ಮುರಿದರು. ಹುಡುಗ ಹುಡುಗಿಯರು ಮಾತ್ರ ಥಿಯೇಟರಿಗೆ ನುಗ್ಗಿದರು. ಅಮೆರಿಕದ ಥಿಯೇಟರುಗಳಿಗೆ ಅದು ಸರಿಯಾಗಿ ತಲುಪಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಅಲ್ಲಿಂದ ಅದಕ್ಕೆ ಕಲ್ಟ್ ಪಟ್ಟ ಗಟ್ಟಿಯಾಯಿತು.

ಜನ 'ಹೌಸ್' ನೋಡಿ ನಗುತ್ತಾರೆ. ನಗಲಿ, ನಗಿಸುವ ಸಿನಿಮಾನೇ ಅದು. ಆದರೆ ಅದರ ಹೊಟ್ಟೆಯೊಳಗೆ ಬೇರೆ ಏನೋ ಇದೆ. ರಜೆಗೆ ಒಬ್ಬ ಹುಡುಗಿ ಗೆಳತಿಯರ ಜೊತೆ ತನ್ನ ದೊಡ್ಡಮ್ಮನ ಮನೆಗೆ ಬರುತ್ತಾಳೆ. ಆ ದೊಡ್ಡಮ್ಮ ಯುದ್ಧಕ್ಕೆ ಹೋದ ಹುಡುಗನಿಗಾಗಿ ಕಾದು ಕಾದು ಸತ್ತವಳು. ಸತ್ತ ಮೇಲೂ ಕಾಯುತ್ತಿದ್ದಾಳೆ. ಯುದ್ಧವೆಂದರೆ ಏನಂತಲೇ ಗೊತ್ತಿಲ್ಲದ ಹುಡುಗಿಯರನ್ನು ಒಬ್ಬೊಬ್ಬರಾಗಿ ತಿನ್ನುತ್ತಾಳೆ. ದೊಡ್ಡಮ್ಮನ ಹಳೆಯ ಕತೆ ಮೂಕಿ ಚಿತ್ರದ ಹಾಗೆ ಓಡುತ್ತದೆ, ಹುಡುಗಿಯರು ಅದಕ್ಕೆ ಕಾಮೆಂಟರಿ ಕೊಡುತ್ತಿರುತ್ತಾರೆ. ಅಣುಬಾಂಬಿನ ಅಣಬೆ ಮೋಡ ಕಂಡಾಗ ಅದು ಹತ್ತಿ ಮಿಠಾಯಿಯ ಹಾಗಿದೆ ಅನ್ನುವ ಮಾತು ಬರುತ್ತದೆ. ಒಬಾಯಾಶಿ 1938ರಲ್ಲಿ ಹುಟ್ಟಿದ್ದು ಹಿರೋಶಿಮಾ ಪ್ರಾಂತ್ಯದ ಒನೊಮಿಚಿಯಲ್ಲಿ. ಬಾಲ್ಯದ ಗೆಳೆಯರನ್ನು ಆ ಬಾಂಬಿಗೆ ಕಳೆದುಕೊಂಡವನು. ಇದು ಗೊತ್ತಾದ ಮೇಲೆ ಆ ಮಾತು ಕೇಳಿದರೆ ನಗು ಗಂಟಲಲ್ಲೇ ನಿಲ್ಲುತ್ತದೆ. ಇದನ್ನೇ ಆತ ಗಂಭೀರವಾದ, ಅಚ್ಚುಕಟ್ಟಾದ, ನಿಜದಂತೆ ಕಾಣುವ ಸಿನಿಮಾ ಮಾಡಿದ್ದರೆ ನಾವು ತಲೆದೂಗಿ ಎದ್ದು ಹೋಗುತ್ತಿದ್ದೆವು ಅಷ್ಟೇ.

ಈಗ ಮಾಂಗಾಕ್ಕೆ ಬರೋಣ. ಮಾಂಗಾ ಅಂದರೆ ಗೆರೆ. ಶಾಯಿಯಲ್ಲಿ ಎಳೆದ ಗೆರೆ. ಅದು ನಾನು ನಿಜ ಅಂತ ಯಾವತ್ತೂ ಹೇಳಿಕೊಳ್ಳುವುದಿಲ್ಲ. ಕಣ್ಣು ಮುಖದ ಅರ್ಧದಷ್ಟಿರಬಹುದು, ಕೂದಲು ಗುರುತ್ವವನ್ನೇ ಮರೆತು ನಿಂತಿರಬಹುದು. ನಾವು ಎರಡು ಪುಟದಲ್ಲಿ ಒಗ್ಗಿಹೋಗುತ್ತೇವೆ. ಈ ಒಪ್ಪಂದದ ಮೇಲೆಯೇ ಕತೆ ನಿಂತಿರುತ್ತದೆ. ಲೈವ್ ಆಕ್ಷನ್ ಮಾಡುವವರು ಏನು ಮಾಡುತ್ತಾರೆ? ಅದೇ ಕೂದಲಿಗೆ ಒಂದು ವಿಗ್ ತರುತ್ತಾರೆ. ಅದೇ ಬಟ್ಟೆ ಹೊಲಿಸುತ್ತಾರೆ. ದೆವ್ವವನ್ನೋ ರಾಕ್ಷಸನನ್ನೋ ಗ್ರಾಫಿಕ್ಸ್‌ನಲ್ಲಿ ಚರ್ಮದ ರಂಧ್ರ ಕಾಣುವಷ್ಟು ನಿಜ ಮಾಡಲು ಹೊರಡುತ್ತಾರೆ. ಒಂದು ಕಡೆ ಮಾಂಗಾದ ನಕಲು, ಇನ್ನೊಂದು ಕಡೆ ನಿಜದ ನಕಲು. ಎರಡೂ ಒಂದೇ ಫ್ರೇಮಿನಲ್ಲಿ. ನೋಡುವವರಿಗೆ ಕಾಣುವುದು ಕಾಸ್‌ಪ್ಲೇ, ಅಂದರೆ ಪಾತ್ರದ ವೇಷ, ಹಾಕಿಕೊಂಡು ಬಂದ ನಟ, ಅಷ್ಟೇ. ಇಲ್ಲಿ 'ಹೌಸ್'ನಂಥ ಹಳೇ ಕಲ್ಟ್ ಚಿತ್ರಗಳು ಗೆಲ್ಲುತ್ತವೆ. ಅವು ಸುಳ್ಳನ್ನು ಮುಚ್ಚಿಡುವುದಿಲ್ಲ. ಗೆರೆ ಹೇಗೆ ನಾನು ಗೆರೆ ಅಂತ ಹೇಳುತ್ತದೋ ಹಾಗೆ ಅವು ನಾನು ಸಿನಿಮಾ ಅಂತ ಹೇಳುತ್ತವೆ.

ಹಾರರ್ ಮಾಂಗಾದಲ್ಲಿ ಇನ್ನೊಂದು ತೊಡಕಿದೆ. ಭಯ ಇರುವುದು ಓದುವವರ ಬೆರಳಿನಲ್ಲಿ. ಹಾರರ್ ಮಾಂಗಾ ಬರೆಯುವ ಜುಂಜಿ ಇಟೊನ ಪುಟ ತೆಗೆದು ನೋಡಿ. ಎಡಬದಿಯ ಪುಟದ ಕೊನೆಯ ಚೌಕದಲ್ಲಿ ಯಾರೋ ಏನನ್ನೋ ನೋಡಿ ಕಣ್ಣರಳಿಸಿ ನಿಂತಿರುತ್ತಾರೆ. ಏನನ್ನು ಅಂತ ತೋರಿಸಿರುವುದಿಲ್ಲ. ಪುಟ ತಿರುಗಿಸಬೇಕೋ ಬೇಡವೋ ಅನ್ನುವುದು ನಮಗೆ ಬಿಟ್ಟಿದ್ದು. ತಿರುಗಿಸಿದರೆ ಪುಟದ ತುಂಬ ಆ ದೃಶ್ಯ. ನಾನು ಎಷ್ಟೋ ಸಲ ಪುಟದ ತುದಿ ಹಿಡಿದುಕೊಂಡು ಸುಮ್ನೆ ಕೂತಿದ್ದೇನೆ. ಸಿನಿಮಾದಲ್ಲಿ ಈ ಸೌಲಭ್ಯ ಇಲ್ಲ. ನಾವು ಒಪ್ಪಲಿ ಬಿಡಲಿ, ಮುಂದಿನ ಫ್ರೇಮ್ ಬಂದೇ ಬರುತ್ತದೆ. ಆದ್ದರಿಂದ ಚೌಕಕ್ಕೆ ಚೌಕ ಹೊಂದಿಸಿ ತೆಗೆದರೂ ಭಯ ಮಾತ್ರ ಪುಸ್ತಕದಲ್ಲೇ ಉಳಿದುಬಿಡುತ್ತದೆ. ಸಿನಿಮಾ ತನ್ನದೇ ಏನಾದರೂ ಹುಡುಕಿಕೊಳ್ಳಬೇಕು.

ಇಟೊನ 'ಉಜುಮಾಕಿ'ಯನ್ನು 2000ದಲ್ಲಿ ಹಿಗುಚಿನ್ಸ್ಕಿ ಅನ್ನುವ ನಿರ್ದೇಶಕ ಸಿನಿಮಾ ಮಾಡಿದ. ಮ್ಯೂಸಿಕ್ ವಿಡಿಯೊಗಳಿಂದ ಬಂದವನು. ಕುರೊಜು ಅನ್ನುವ ಊರು, ಆ ಊರಿಗೆ ಹಿಡಿದ ಸುರುಳಿಯ ಶಾಪ. ಹೊಗೆ ಸುರುಳಿ, ಕೂದಲು ಸುರುಳಿ, ಕೊನೆಗೆ ಮನುಷ್ಯರೇ ಸುರುಳಿ. ಕೇಳಿದರೆ ನಗು ಬರುವ ವಸ್ತು. ಇಟೊನ ಗೆರೆಯಲ್ಲಿ ಮಾತ್ರ ಅದು ನಿಜಕ್ಕೂ ಮೈ ನಡುಗಿಸುತ್ತದೆ. ಆ ಸಣ್ಣ ಸಣ್ಣ ಒತ್ತೊತ್ತು ಗೆರೆಗಳ ನೆರಳು ನೋಡುತ್ತಾ ಹೋದರೆ ಪುಟಕ್ಕೇ ಏನೋ ರೋಗ ಬಂದಂತೆ ಅನಿಸುತ್ತದೆ. ಸಿನಿಮಾಕ್ಕೆ ಇಂಥ ಗೆರೆ ಇಲ್ಲ. ಹಿಗುಚಿನ್ಸ್ಕಿ ಏನು ಮಾಡಿದ ಅಂದರೆ ಇಡೀ ಸಿನಿಮಾಕ್ಕೆ ಹಸಿರು ಬಣ್ಣ ಬಳಿದ. ಪಾಚಿ ಕಟ್ಟಿದ ನೀರಿನೊಳಗಿಂದ ಊರನ್ನು ನೋಡಿದ ಹಾಗೆ. ದೃಶ್ಯಗಳ ಮೂಲೆಗಳಲ್ಲಿ ಸುರುಳಿಗಳನ್ನು ಬಚ್ಚಿಟ್ಟ. ಕತೆ ಮುಂದೆ ಎಲ್ಲೋ ನಡೆಯುತ್ತಿರುವಾಗ ಹಿಂದೆ ಏನೋ ಸುತ್ತಿದಂತಾಗುತ್ತದೆ. ಕಂಡಿತಾ, ಇಲ್ಲವಾ? ಖಾತ್ರಿ ಇಲ್ಲ.

ಅದರಲ್ಲೂ ಒಂದು ಬದಲಾವಣೆ ನನಗೆ ತುಂಬ ಇಷ್ಟ. ಶುಯಿಚಿ ಅನ್ನುವ ಹುಡುಗನ ಅಪ್ಪನಿಗೆ ಮೊದಲು ಸುರುಳಿಯ ಹುಚ್ಚು ಹಿಡಿಯುತ್ತದೆ. ಮಾಂಗಾದಲ್ಲಿ ಆತ ಓಣಿಯಲ್ಲಿ ಕುಕ್ಕರಗಾಲಲ್ಲಿ ಕೂತು ಬಸವನಹುಳುವನ್ನು ದಿಟ್ಟಿಸುತ್ತಿರುತ್ತಾನೆ. ಕತೆಯ ಹುಡುಗಿ ಮಾತಾಡಿಸಿದರೂ ತಿರುಗುವುದಿಲ್ಲ. ಸಿನಿಮಾದಲ್ಲಿ ಅವನ ಕೈಗೆ ಒಂದು ವಿಡಿಯೊ ಕ್ಯಾಮೆರಾ ಬಂದಿದೆ. ಹುಳುವನ್ನು ಚಿತ್ರೀಕರಿಸುತ್ತಿದ್ದಾನೆ. ಇಷ್ಟು ಸಣ್ಣ ಬದಲಾವಣೆಯಿಂದ ಎಷ್ಟು ಕೆಲಸ ಆಗಿದೆ ನೋಡಿ. ಮಾಂಗಾದಲ್ಲಿ ಆತ ಒಂದು ದುಂಡನೆಯ ತೊಟ್ಟಿಯೊಳಗೆ ಮೈಯನ್ನೇ ಸುರುಳಿ ಸುತ್ತಿಕೊಂಡು ಸಾಯುತ್ತಾನೆ. ಅದು ಪುಟ ತಿರುಗಿಸಿದಾಗ ಕಾಣುವ ದೃಶ್ಯ. ಸಿನಿಮಾದಲ್ಲಿ ತೊಟ್ಟಿಯ ಜಾಗಕ್ಕೆ ವಾಷಿಂಗ್ ಮಷೀನ್ ಬರುತ್ತದೆ, ಅದನ್ನೂ ಆತ ಕ್ಯಾಮೆರಾದಲ್ಲಿ ದಾಖಲಿಸಿಟ್ಟಿರುತ್ತಾನೆ. ಬದುಕಿದವರು ಅದನ್ನು ಹಾಕಿ ನೋಡಬೇಕಾಗುತ್ತದೆ. ಪುಟದ ಜಾಗದಲ್ಲಿ ಟೇಪು. ತೊಟ್ಟಿ ಅಲುಗಾಡದೆ ಇರುತ್ತದೆ, ಮಷೀನು ತಿರುಗುತ್ತದೆ. ಸಿನಿಮಾ ಅಂದರೆ ಚಲನೆ ತಾನೇ? ಅದಕ್ಕೆ ಏನು ಬೇಕೋ ಅದನ್ನೇ ಕೊಟ್ಟ.

ಹಾಗಂತ 'ಉಜುಮಾಕಿ' ಸಿನಿಮಾ ಪೂರ್ತಿ ಗೆದ್ದಿದೆ ಅಂತಲ್ಲ. ನಟನೆ ಮರದಂತೆ. ಕೊನೆಗೆ ಕತೆ ಗಕ್ಕನೆ ನಿಂತುಹೋಗುತ್ತದೆ, ಮಾಂಗಾದ ದೊಡ್ಡ ಅಂತ್ಯ ಇಲ್ಲವೇ ಇಲ್ಲ. ನನಗೆ ಅದರಿಂದ ಬೇಜಾರಿಲ್ಲ. 2024ರಲ್ಲಿ ಅದೇ ಕತೆ ನಾಲ್ಕು ಕಂತಿನ ಅನಿಮೆ, ಅಂದರೆ ಜಪಾನಿ ಆ್ಯನಿಮೇಷನ್, ಆಗಿ ಬಂತು. ಕಪ್ಪು ಬಿಳುಪಿನಲ್ಲಿ, ಇಟೊನ ಗೆರೆಯನ್ನು ಹಾಗ್ಹಾಗೆಯೇ ಇಳಿಸುವ ಹಟದಲ್ಲಿ. 2019ರಲ್ಲೇ ಘೋಷಣೆಯಾಗಿತ್ತು, ಐದು ವರ್ಷ ಹಿಡಿಯಿತು. ಮೊದಲ ಕಂತು ನೋಡಿ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಎರಡನೆಯದಕ್ಕೇ ಚಿತ್ರಗಳು ಸೊರಗಿದವು. ಗೆರೆಗೆ ಗೆರೆ ನಕಲು ಮಾಡುವುದು ಅಷ್ಟು ಹಣ, ಅಷ್ಟು ಕೈ ಬೇಡುವ ಕೆಲಸ. ಹಸಿರು ಬಳಿದ ಆ ಹಳೆಯ ಸಿನಿಮಾವೇ ನನಗೆ ಜಾಸ್ತಿ ಹತ್ತಿರ.

ಇಟೊನ ಮೊದಲ ಪಾತ್ರ ತೊಮಿಯೆ. 1987ರಲ್ಲಿ ಬಂತು, ಆಗ ಆತ ಹಲ್ಲಿನ ಸೆಟ್ಟು ತಯಾರಿಸುವ ತಂತ್ರಜ್ಞ. ತೊಮಿಯೆ ಅಪರೂಪದ ಚೆಲುವೆ. ಗಂಡಸರು ಅವಳಿಗೆ ಮರುಳಾಗಿ ಕೊನೆಗೆ ಅವಳನ್ನೇ ಕೊಂದು ತುಂಡು ಮಾಡುತ್ತಾರೆ, ಪ್ರತಿ ತುಂಡಿನಿಂದಲೂ ಇನ್ನೊಬ್ಬ ತೊಮಿಯೆ ಬೆಳೆಯುತ್ತಾಳೆ. ಇಂಥವಳ ಪಾತ್ರಕ್ಕೆ ಯಾವ ನಟಿಯನ್ನು ಹಾಕುತ್ತೀರಿ? ಗೆರೆಯಲ್ಲಿರುವ ಚೆಲುವಿಗೆ ಓದುಗರು ತಮತಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ನಟಿ ಅಂದರೆ ಒಂದೇ ಮುಖ. 1999ರ ಸಿನಿಮಾ ಇದಕ್ಕೆ ಜಾಣ ದಾರಿ ಹುಡುಕಿತು. ಮಿಹೊ ಕನ್ನೊ ಆ ಪಾತ್ರ ಮಾಡಿದ್ದರೂ ಬಹಳ ಹೊತ್ತು ಅವಳ ಮುಖವನ್ನೇ ಸರಿಯಾಗಿ ತೋರಿಸುವುದಿಲ್ಲ. ಆಮೇಲೆ ಸಾಲುಸಾಲು ತೊಮಿಯೆ ಸಿನಿಮಾಗಳು ಬಂದವು, ಬೇರೆ ಬೇರೆ ನಟಿಯರು. ಬೇರೆ ಯಾವ ಸರಣಿಯಲ್ಲಾದರೂ ಇದು ದೋಷ. ಇಲ್ಲಿ ಮಾತ್ರ ಕತೆಗೇ ಹೊಂದಿಕೊಂಡಿದೆ. ಕೊಂದಷ್ಟೂ ಹೊಸ ಮುಖ ಹೊತ್ತು ಬರುತ್ತಾಳೆ, ಅಲ್ವಾ? ಸಿನಿಮಾಗಳು ಬಹುತೇಕ ಸಪ್ಪೆ, ಅದು ಬೇರೆ ಮಾತು.

ಮಾಂಗಾದ ಹಂಗೇ ಇಲ್ಲದೆ ಮಾಂಗಾ ಆದ ಸಿನಿಮಾ ಅಂದರೆ 1989ರ 'ತೆತ್ಸುವೊ'. ಶಿನ್ಯಾ ತ್ಸುಕಾಮೊಟೊ 16 ಎಂಎಂ ಕಪ್ಪು ಬಿಳುಪು ಫಿಲ್ಮಿನಲ್ಲಿ, ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಮಾಡಿದ್ದು. ಬರೆದವನು, ತೆಗೆದವನು, ಕತ್ತರಿಸಿ ಜೋಡಿಸಿದವನು, ಒಂದು ಮುಖ್ಯ ಪಾತ್ರ ಮಾಡಿದವನು ಎಲ್ಲ ಅವನೇ. ಒಬ್ಬ ಮಾಮೂಲಿ ಆಫೀಸು ನೌಕರ. ಗಡ್ಡ ಬೋಳಿಸುವಾಗ ಕೆನ್ನೆಯಲ್ಲಿ ಒಂದು ಲೋಹದ ಮುಳ್ಳು ಕಾಣುತ್ತದೆ. ಅಲ್ಲಿಂದ ಅವನ ಮೈಯೆಲ್ಲ ಕಬ್ಬಿಣ, ತಂತಿ, ಕೊಳವೆ. ಒಂದೊಂದೇ ಫ್ರೇಮ್ ತೆಗೆದು ಓಡಿಸಿದ್ದರಿಂದ ಮನುಷ್ಯರು ಬೀದಿಯಲ್ಲಿ ಜಾರಿಕೊಂಡು ಹಾರುತ್ತಾರೆ. ಮಾಂಗಾದಲ್ಲಿ ವೇಗ ತೋರಿಸಲು ಗೆರೆಗಳನ್ನು ಎಳೆಯುತ್ತಾರಲ್ಲ, ಅದೇ ಪರಿಣಾಮ. ಒಟ್ಟು 67 ನಿಮಿಷ. ಮುಗಿದಾಗ ತಲೆ ಧಿಮ್ಮೆನ್ನುತ್ತದೆ. ಇನ್ನು ಹತ್ತು ನಿಮಿಷ ಜಾಸ್ತಿ ಇದ್ದಿದ್ದರೆ ನಾನು ಎದ್ದು ಹೋಗುತ್ತಿದ್ದೆ.

ಹಾಂಕಾಂಗಿನ 1991ರ 'ರಿಕಿ-ಓ' ಇನ್ನೊಂದು ಬಗೆ. ಇದು ಜಪಾನಿ ಮಾಂಗಾವನ್ನೇ ಆಧರಿಸಿದ್ದು. ಜೈಲಿನಲ್ಲಿ ಒಬ್ಬ ಬಲಶಾಲಿ, ಅವನ ಗುದ್ದಿಗೆ ಎದುರಾಳಿಯ ಹೊಟ್ಟೆ ತೂತಾಗುತ್ತದೆ. ಒಬ್ಬನಂತೂ ತನ್ನ ಕರುಳಿನಿಂದಲೇ ಅವನ ಕುತ್ತಿಗೆ ಬಿಗಿಯುತ್ತಾನೆ. ಎಲ್ಲ ರಬ್ಬರು, ಎಲ್ಲ ಕೆಂಪು ನೀರು. ಹಾಂಕಾಂಗಿನಲ್ಲಿ ಇದಕ್ಕೆ ಮೂರನೇ ದರ್ಜೆ, ಅಂದರೆ ವಯಸ್ಕರಿಗೆ ಮಾತ್ರ. ಹೊಡೆದಾಟದ ಮಾಂಗಾ ಓದುವಾಗ ಆಗುವ ಆ ಪೋಲಿ ಖುಷಿ ಇದೆಯಲ್ಲ, ಅದನ್ನು ಇಷ್ಟು ಸಲೀಸಾಗಿ ತೆರೆಗೆ ತಂದ ಸಿನಿಮಾ ಇನ್ನೊಂದಿಲ್ಲ. ಇದೇ ಕತೆಯನ್ನು ಇವತ್ತು ಗ್ರಾಫಿಕ್ಸ್ ಹಾಕಿ ಮಾಡಿದರೆ ನೋಡಲಾಗದಷ್ಟು ಕ್ರೂರವಾಗುತ್ತದೆ.

ಕ್ರೌರ್ಯದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ತಕಾಶಿ ಮಿಯಿಕೆಯ 'ಇಚಿ ದಿ ಕಿಲ್ಲರ್' (2001) ಕಲ್ಟ್ ಪಟ್ಟಿಯಲ್ಲಿ ಯಾವಾಗಲೂ ಮೇಲಿರುತ್ತದೆ. ಹಿದೆಯೊ ಯಾಮಾಮೊಟೊನ ಮಾಂಗಾ. ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರೇಕ್ಷಕರಿಗೆ ವಾಂತಿ ಚೀಲ ಹಂಚಿದ್ದ ಸಿನಿಮಾ. ತದನೊಬು ಅಸಾನೊ ಮಾಡಿದ ಕಾಕಿಹಾರಾನ ಪಾತ್ರ ನಿಜಕ್ಕೂ ಅದ್ಭುತ. ಕೆನ್ನೆ ಎರಡೂ ಕಡೆ ಸೀಳಿದೆ, ರಿಂಗು ಹಾಕಿ ಮುಚ್ಚಿಕೊಂಡಿದ್ದಾನೆ. ಸಿಗರೇಟು ಎಳೆದರೆ ಹೊಗೆ ಕೆನ್ನೆಯಿಂದ ಬರುತ್ತದೆ. ಆ ಒಂದು ಹೊಗೆಯಲ್ಲೇ ಇಡೀ ಪಾತ್ರ ಇದೆ. ಆದರೆ ಹೆಂಗಸರ ಮೇಲಿನ ಹಿಂಸೆಯನ್ನು ಆ ಸಿನಿಮಾ ಎಳೆದೆಳೆದು ತೋರಿಸುವ ರೀತಿ ನನಗೆ ಆಗಿಬರುವುದಿಲ್ಲ. ಅದು ವ್ಯಂಗ್ಯ, ನೋಡುಗರನ್ನೇ ಪ್ರಶ್ನಿಸುತ್ತದೆ ಅಂತ ವಾದಿಸುವವರಿದ್ದಾರೆ. ಇರಲಿ. ಮಿಯಿಕೆ ಬೇಕು ಅಂದರೆ ನಾನು 1999ರ 'ಆಡಿಷನ್' ನೋಡುತ್ತೇನೆ. ಅದು ಕಾದಂಬರಿಯಿಂದ ಬಂದದ್ದು, ಇಲ್ಲಿಗೆ ಸಂಬಂಧವಿಲ್ಲ.

ಕಲ್ಟ್ ಅನ್ನುವುದು ಈಗೀಗ ಪೋಸ್ಟರಿನ ಮೇಲೆಯೇ ಅಚ್ಚಾಗಿ ಬರುತ್ತಿದೆ. ಇದು ನನಗೆ ತಮಾಷೆಯಾಗಿ ಕಾಣುತ್ತದೆ. 1982ರಲ್ಲಿ ಜಾನ್ ಕಾರ್ಪೆಂಟರ್‌ನ 'ದಿ ಥಿಂಗ್' ಬಂದಾಗ ವಿಮರ್ಶಕರು ಉಗಿದರು, ಜನ ಅದೇ ಬೇಸಿಗೆಯ 'ಇ.ಟಿ.' ನೋಡಲು ಹೋದರು. ಅದರ ರಬ್ಬರು ರಾಕ್ಷಸನಿಗೆ ಈಗ ಎಲ್ಲರೂ ಕೈ ಮುಗಿಯುತ್ತಾರೆ. 2011ರಲ್ಲಿ ಅದೇ ಹೆಸರಿನಲ್ಲಿ ಇನ್ನೊಂದು ಬಂತು, ಗ್ರಾಫಿಕ್ಸ್ ರಾಕ್ಷಸನನ್ನು ಹೊತ್ತುಕೊಂಡು. ಅದರಿಂದ ಒಂದು ದೃಶ್ಯವಾದರೂ ಯಾರಿಗಾದರೂ ನೆನಪಿದೆಯಾ?

ಇಷ್ಟು ಹೇಳಿದ ಮೇಲೆ ಗ್ರಾಫಿಕ್ಸ್ ಅಂದರೆ ನನಗೆ ಅಲರ್ಜಿ ಅಂತ ಅಂದುಕೊಳ್ಳಬೇಡಿ. 2014ರ 'ಪ್ಯಾರಾಸೈಟ್', ಅಂದರೆ ಹಿತೊಶಿ ಇವಾಕಿಯ 'ಕಿಸೆಜು' ಮಾಂಗಾದ ಸಿನಿಮಾ, ನನಗೆ ಇಷ್ಟ. (ಆಸ್ಕರ್ ಗೆದ್ದ ಕೊರಿಯನ್ ಸಿನಿಮಾ ಬೇರೆ, ಗೊಂದಲ ಬೇಡ.) ಇದರ ಹಕ್ಕು ವರ್ಷಗಟ್ಟಲೆ ಹಾಲಿವುಡ್ಡಿನಲ್ಲಿ ಕೊಳೆಯುತ್ತಾ ಬಿದ್ದಿತ್ತು. ಅವಧಿ ಮುಗಿದ ಮೇಲೆ ತಕಾಶಿ ಯಾಮಾಜಾಕಿ ಕೈಗೆ ಸಿಕ್ಕಿತು. ಮುಂದೆ 'ಗಾಡ್ಜಿಲ್ಲಾ ಮೈನಸ್ ಒನ್'ಗೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಪಡೆದವನು ಇವನೇ. ಮನುಷ್ಯರ ಮೆದುಳು ತಿಂದು ತಲೆಯ ಜಾಗದಲ್ಲಿ ಕೂರುವ ಜೀವಿಗಳ ಕತೆ. ತಲೆ ಹೂವಿನ ಹಾಗೆ ಬಿಚ್ಚಿಕೊಳ್ಳುತ್ತದೆ, ಒಳಗೆ ಬ್ಲೇಡುಗಳು. ಆದರೆ ಭಯ ಅಲ್ಲಿಲ್ಲ. ಇವಾಕಿಯ ಮಾಂಗಾದಲ್ಲಿ ಮುಖಗಳು ಚಪ್ಪಟೆ, ಭಾವವೇ ಇಲ್ಲದ ಕಣ್ಣುಗಳು. ಅದನ್ನು ಸಿನಿಮಾ ಸರಿಯಾಗಿ ಹಿಡಿದಿದೆ. ಎರಿ ಫುಕಾತ್ಸು ಶಿಕ್ಷಕಿಯಾಗಿ ಬಂದು ಸುಮ್ಮನೆ ನಿಂತು ನೋಡುತ್ತಾಳಲ್ಲ, ಆ ನೋಟಕ್ಕೆ ಬ್ಲೇಡು ಬೇಕಾಗಿಯೇ ಇಲ್ಲ. ಗ್ರಾಫಿಕ್ಸ್ ತನ್ನ ಕೆಲಸ ಮಾಡಿ ಪಕ್ಕಕ್ಕೆ ಸರಿದಿದೆ.

ಇದರ ಮುಂದಿನ ವರ್ಷವೇ ಬಂದ 'ಅಟ್ಯಾಕ್ ಆನ್ ಟೈಟನ್' ಮಾಂಗಾದ ಎರಡು ಭಾಗದ ಸಿನಿಮಾವನ್ನು ಅಭಿಮಾನಿಗಳು ಎತ್ತಿ ಒಗೆದರು. ಲೀವೈ ಅನ್ನುವ ಪಾತ್ರವನ್ನೇ ಕಿತ್ತುಹಾಕಿದ್ದಕ್ಕೆ ಅವರಿಗೆ ಸಿಟ್ಟು. ನನ್ನ ತಕರಾರು ಅದಲ್ಲ. ಮನುಷ್ಯರ ನಡುವಿನ ಮಾತುಕತೆ ಎಲ್ಲ ಕಿರುಚಾಟ, ಅದೇ ತಲೆನೋವು. ಮನುಷ್ಯರನ್ನು ತಿನ್ನುವ ದೈತ್ಯರು, ಅಂದರೆ ಟೈಟನ್‌ಗಳು, ಮಾತ್ರ ಬಲು ಚೆನ್ನಾಗಿವೆ. ಮೇಕಪ್ ಹಾಕಿದ ನಿಜವಾದ ನಟರು ಅವರು. ಹಾಲುಗೆನ್ನೆ, ಜೋಲು ಹೊಟ್ಟೆ, ಏನೂ ಅರ್ಥವಾಗದ ನಗು. ಮನುಷ್ಯರನ್ನು ಬಾಯಿಗೆ ಹಾಕಿಕೊಳ್ಳುವಾಗಲೂ ಅದೇ ನಗು. ಅಂಚು ಕಾಣುತ್ತದೆ, ಅಳತೆ ತಪ್ಪುತ್ತದೆ. ಅದಕ್ಕೇ ಅವು ಅಸಹ್ಯ, ಅದಕ್ಕೇ ಭಯಂಕರ. ಒಬಾಯಾಶಿ ನೋಡಿದ್ದರೆ ಖುಷಿಪಡುತ್ತಿದ್ದ ಅಂತ ನನ್ನ ಊಹೆ.

ಇಂಥ ದೊಡ್ಡ ಸಿನಿಮಾಗಳು ಎಡವುವುದಕ್ಕೆ ನಿರ್ದೇಶಕರನ್ನಷ್ಟೇ ಬೈದರೆ ಆಗದು. ಜಪಾನಿನಲ್ಲಿ ಇವು ತಯಾರಾಗುವುದು ಬಹುತೇಕ ಒಂದು ನಿರ್ಮಾಣ ಸಮಿತಿಯ ಕೆಳಗೆ. ಮಾಂಗಾ ಪ್ರಕಾಶಕರು, ಟಿವಿ ಚಾನೆಲ್, ಜಾಹೀರಾತು ಸಂಸ್ಥೆ, ವಿತರಕರು ಎಲ್ಲರೂ ಪಾಲು ಹಾಕುತ್ತಾರೆ. ನಷ್ಟ ಹಂಚಿಹೋಗುತ್ತದೆ, ಒಳ್ಳೆಯದೇ. ಧೈರ್ಯವೂ ಹಂಚಿಹೋಗುತ್ತದೆ. ಇಂಥ ಹಾಡುಗಾರ ಹುಡುಗ ಇರಲೇಬೇಕು, ರಕ್ತ ಇಷ್ಟಕ್ಕಿಂತ ಹೆಚ್ಚು ಬೇಡ, ಮಾಂಗಾ ಓದಿದವರಿಗೆ ವಿಗ್ಗಿನ ಬಣ್ಣ ತಪ್ಪಬಾರದು. ಅವತ್ತು ತೋಹೊ ಹೂಂ ಅಂದ 'ಹೌಸ್' ಇಂಥ ಸಭೆಯಲ್ಲಿ ಪಾಸಾಗುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ.

'ಡೆತ್ ನೋಟ್' ಈ ಒತ್ತಡದ ನಡುವೆಯೂ ಬಚಾವಾಯಿತು. ಹೆಸರು ಬರೆದರೆ ಆ ಮನುಷ್ಯ ಸಾಯುವ ಒಂದು ಪುಸ್ತಕದ ಕತೆ ಅದು, ಮಾಂಗಾದಿಂದ ಬಂದದ್ದು. 2006ರಲ್ಲಿ ಶುಸುಕೆ ಕಾನೆಕೊ ಅದನ್ನು ಎರಡು ಭಾಗ ಮಾಡಿದ. ರ್‍ಯುಕ್ ಅನ್ನುವ ಸಾವಿನ ದೇವರ ಗ್ರಾಫಿಕ್ಸ್ ಹಳೇ ವಿಡಿಯೊ ಗೇಮಿನ ಮಟ್ಟದ್ದು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಎದುರಿಗೆ ಕೆನಿಚಿ ಮಾತ್ಸುಯಾಮಾ ಎಲ್ ಅನ್ನುವ ಪತ್ತೇದಾರನಾಗಿ ಕುರ್ಚಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಫೋನನ್ನು ಎರಡೇ ಬೆರಳಲ್ಲಿ, ಹೊಲಸು ಮುಟ್ಟಿದಂತೆ ಹಿಡಿಯುತ್ತಾನೆ. ಮಾಂಗಾದ ಭಂಗಿಯನ್ನು ಹಾಗೇ ತಂದಿದ್ದರೂ ಅದು ಅವನ ಮೈಗೆ ಹುಟ್ಟಿನಿಂದ ಬಂದದ್ದೇನೋ ಅನ್ನುವಂತಿದೆ. ಅಂತ್ಯ ಬದಲಾಯಿಸಿದ್ದೂ ಒಳ್ಳೆಯದಾಯಿತು. ಎಲ್ ತನ್ನ ಹೆಸರನ್ನು ತಾನೇ ಆ ಪುಸ್ತಕದಲ್ಲಿ ಬರೆದಿಡುತ್ತಾನೆ, 23 ದಿನ ಆದ ಮೇಲೆ ಸಾಯುವ ಹಾಗೆ. ಬರೆದದ್ದು ಅಳಿಸಲಾಗದು, ಹಾಗಾಗಿ ಅಲ್ಲಿಯವರೆಗೆ ಬೇರೆ ಯಾರೂ ಆ ಪುಸ್ತಕದಿಂದ ಅವನನ್ನು ಕೊಲ್ಲುವಂತಿಲ್ಲ. ಮಾಂಗಾ ಓದಿದವನಾಗಿ ಹೇಳುತ್ತೇನೆ, ಮಾಂಗಾಕ್ಕಿಂತ ಇದೇ ಚಂದ.

ಅಮೆರಿಕದಲ್ಲಿ 2017ರಲ್ಲಿ ಅದನ್ನೇ ಮತ್ತೆ ಮಾಡಿದರು. ಊರು ಸಿಯಾಟಲ್, ರ್‍ಯುಕ್‌ಗೆ ವಿಲೆಮ್ ಡಫೊ ಧ್ವನಿ. ರ್‍ಯುಕ್ ಈ ಸಲ ಚೆನ್ನಾಗಿದ್ದಾನೆ, ಕೆಟ್ಟದ್ದು ಉಳಿದದ್ದೆಲ್ಲ. ಮಾಂಗಾದಲ್ಲಿ ಆ ಪುಸ್ತಕ ಸಿಕ್ಕ ಲೈಟ್ ಅನ್ನುವ ಹುಡುಗ ರ್‍ಯುಕ್‌ನನ್ನು ಮೊದಲು ಕಂಡಾಗ ಒಂದು ಕ್ಷಣ ಬೆಚ್ಚುತ್ತಾನೆ, ಆಮೇಲೆ ನಿನಗೇ ಕಾಯುತ್ತಿದ್ದೆ ಅನ್ನುತ್ತಾನೆ. ಅಲ್ಲೇ ನಮಗೆ ಗೊತ್ತಾಗಿಬಿಡುತ್ತದೆ, ಇಲ್ಲಿ ಹೆದರಬೇಕಾದ್ದು ದೆವ್ವಕ್ಕಲ್ಲ, ಈ ಹುಡುಗನಿಗೆ. ಅಮೆರಿಕದ ಲೈಟ್ ಕೀಚಲು ದನಿಯಲ್ಲಿ ಕಿರುಚಿಕೊಂಡು ಬಿದ್ದೇಳುತ್ತಾನೆ. ಆ ಒಂದು ಕಿರುಚಾಟಕ್ಕೆ ಕತೆಯ ಬೆನ್ನೆಲುಬೇ ಮುರಿಯಿತು.

ಎಲ್ಲ ಬದಲಾಯಿಸಿಯೂ ಗೆದ್ದ ಸಿನಿಮಾ ಬೇಕಾ? 'ಓಲ್ಡ್‌ಬಾಯ್'. 2003ರಲ್ಲಿ ಕೊರಿಯಾದ ಪಾರ್ಕ್ ಚಾನ್-ವೂಕ್ ಮಾಡಿದ್ದು, ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಪ್ರಶಸ್ತಿ ಗೆದ್ದಿದ್ದು. ಅದು ಜಪಾನಿ ಮಾಂಗಾ ಅಂತ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮಾಂಗಾದಲ್ಲಿ ನಾಯಕ ಹತ್ತು ವರ್ಷ ಕೂಡಿಹಾಕಲ್ಪಟ್ಟವನು, ಸಿನಿಮಾದಲ್ಲಿ ಹದಿನೈದು. ಕೂಡಿಹಾಕಿದ ಕಾರಣ ಮಾಂಗಾದಲ್ಲಿ ತೀರಾ ತೆಳು, ಓದಿ ಮುಗಿಸಿದಾಗ ಇಷ್ಟಕ್ಕೇನಾ ಅನಿಸುತ್ತದೆ. ಪಾರ್ಕ್ ಅದನ್ನು ಪೂರ್ತಿ ಎಸೆದು ಹೊಟ್ಟೆ ತೊಳಸುವಂಥದ್ದನ್ನು ತಂದಿಟ್ಟ. ಕಾರಿಡಾರಿನ ಸುತ್ತಿಗೆ ಹೊಡೆದಾಟ ಎಲ್ಲರಿಗೂ ಗೊತ್ತು. ಕ್ಯಾಮೆರಾ ಪಕ್ಕಕ್ಕೆ ನಿಂತು ಹಾಗೇ ಸರಿಯುತ್ತದೆ, ಒಂದೇ ಟೇಕ್. ಮೂರು ದಿನ, 17 ಸಲ ತೆಗೆದರು. ನಾಯಕ ಸುಸ್ತಾಗಿ ಗೋಡೆಗೆ ಒರಗುತ್ತಾನೆ, ಹೊಡೆಯುವವರೂ ಸುಸ್ತಾಗಿ ಕಾಯುತ್ತಾರೆ. ಉದ್ದಕ್ಕೆ ಎಳೆದ ಒಂದೇ ಚೌಕದಂತೆ ಕಾಣುತ್ತದೆ ಆ ಕಾರಿಡಾರ್. ಹಾಂ, ಅವನ ಬೆನ್ನಿಗೆ ಚುಚ್ಚಿಕೊಂಡ ಚಾಕು ಮಾತ್ರ ಗ್ರಾಫಿಕ್ಸ್.

ನನ್ನ ವಾದಕ್ಕೆ ಸರಿಯಾಗಿ ಏಟು ಕೊಡುವ ಸಿನಿಮಾ ಅಂದರೆ ಶಿನ್ಸುಕೆ ಸಾಟೊನ 'ಐ ಆ್ಯಮ್ ಎ ಹೀರೊ' (2016). ಇಲ್ಲಿ ಎಲ್ಲವೂ ನಿಜದಂತೆಯೇ ಇದೆ, ಆದರೂ ಗೆದ್ದಿದೆ. ಕೆಂಗೊ ಹನಾಜಾವಾನ ಮಾಂಗಾದ ಹಿನ್ನೆಲೆಗಳೇ ಫೋಟೊ ಹಾಗಿರುತ್ತವೆ. ನಾಯಕ ಇನ್ನೊಬ್ಬರ ಮಾಂಗಾಕ್ಕೆ ಸಹಾಯಕನಾಗಿ ದುಡಿಯುವ, ವಯಸ್ಸಾಗುತ್ತಿರುವ, ಸೋತ ಮನುಷ್ಯ. ಮನೆಯ ಬಾಗಿಲಿನ ಪತ್ರದ ಕಿಂಡಿಯಿಂದ ಒಳಗೆ ಇಣುಕುತ್ತಾನೆ. ಮಂಚದ ಮೇಲೆ ಗೆಳತಿ ಮಲಗಿದ್ದಾಳೆ. ಎದ್ದು ಕೂರುವ ರೀತಿ ಸರಿ ಇಲ್ಲ. ಕೈಕಾಲು ಬೇರೆ ಕಡೆಗೆ ಬಾಗುತ್ತಿವೆ. ಕಿಂಡಿ ಅಷ್ಟೇ ಅಗಲ, ನಮಗೂ ಅಷ್ಟೇ ಕಾಣುವುದು. ಪುಟ ತಿರುಗಿಸುವ ಮುಂಚಿನ ಆ ಕ್ಷಣ ಇದೆಯಲ್ಲ, ಅದನ್ನು ಸಿನಿಮಾದಲ್ಲಿ ನಾನು ಕಂಡದ್ದು ಇಲ್ಲಿ ಮಾತ್ರ. ಮುಂದೆ ಊರೆಲ್ಲ ಸತ್ತು ಎದ್ದು ಓಡಾಡುತ್ತಿದ್ದರೂ ಈ ಮನುಷ್ಯ ತನ್ನ ಕೋವಿಯನ್ನು ತೆಗೆಯುವುದಿಲ್ಲ. ಕಾನೂನಿಗೆ ವಿರುದ್ಧವಂತೆ!

ಒಬಾಯಾಶಿಯೂ ಒಮ್ಮೆ ಹಾರರ್ ಮಾಂಗಾಕ್ಕೆ ಕೈ ಹಾಕಿದ. 1987ರಲ್ಲಿ, ಕಜುವೊ ಉಮೆಜುನ 'ಅಲೆಯುವ ತರಗತಿ'. 1970ರ ದಶಕದ ಮಾಂಗಾ ಅದು. ಒಂದು ಪ್ರಾಥಮಿಕ ಶಾಲೆ ಇದ್ದಕ್ಕಿದ್ದಂತೆ ಮಕ್ಕಳ ಸಮೇತ ಮಾಯವಾಗಿ, ಎಲ್ಲ ನಾಶವಾದ ಭವಿಷ್ಯದ ಮರಳುಗಾಡಿಗೆ ಹೋಗಿ ಬೀಳುತ್ತದೆ. ಶಿಕ್ಷಕರಿಗೆ ಮೊದಲು ತಲೆ ಕೆಡುತ್ತದೆ. ಊಟ ತರುವವನು ಕೋಣೆ ಹಿಡಿದು ಕೂತು ತಿಂಡಿಯನ್ನು ತಾನೇ ಇಟ್ಟುಕೊಳ್ಳುತ್ತಾನೆ. ಮಕ್ಕಳು ಮಕ್ಕಳನ್ನೇ ಕೊಲ್ಲುತ್ತಾರೆ. ಮಗಳ ಭಯಗಳಿಂದ ಸಿನಿಮಾ ಮಾಡಿದ್ದವನಿಗೆ ಇದಕ್ಕಿಂತ ಹೇಳಿ ಮಾಡಿಸಿದ ಕತೆ ಇನ್ನೊಂದು ಸಿಗಲಾರದು ಅಲ್ವಾ? ಆಗಿದ್ದೇ ಬೇರೆ. ಕತೆಯನ್ನು ಕೋಬೆಯ ಇಂಟರ್‌ನ್ಯಾಷನಲ್ ಶಾಲೆಗೆ ಸಾಗಿಸಿ, ಬಹಳಷ್ಟು ಮಾತನ್ನು ಇಂಗ್ಲಿಷ್ ಮಾಡಿ, ಉಮೆಜುನ ಕ್ರೌರ್ಯದ ಮೊನೆಯನ್ನೆಲ್ಲ ಒರೆಸಿ ಹಾಕಿದರು. ಹಾಡು, ಕುಣಿತ, ಮುದ್ದಾದ ಒಂದು ಅನ್ಯಗ್ರಹದ ಪ್ರಾಣಿ ಕೂಡ ಬರುತ್ತದೆ. ಸುಳ್ಳು ಇಲ್ಲೂ ಎದ್ದು ಕಾಣುತ್ತದೆ. ಆದರೆ 'ಹೌಸ್'ನಲ್ಲಿ ಸುಳ್ಳಿನ ಹಿಂದೆ ಸತ್ತ ಗೆಳೆಯರಿದ್ದರು, ಇಲ್ಲಿ ಯಾರೂ ಇಲ್ಲ. 2002ರಲ್ಲಿ ಟಿವಿ ಧಾರಾವಾಹಿಯಾಗಿ ಮತ್ತೆ ಬಂದಾಗ ಅದನ್ನು ಹೈಸ್ಕೂಲು ಮಾಡಿ ಪ್ರೇಮಕತೆ ಸೇರಿಸಿದರು.

ಉಮೆಜು 2024ರಲ್ಲಿ ತೀರಿಕೊಂಡ. ಯಾರಾದರೂ ಅದನ್ನು ಇನ್ನೊಮ್ಮೆ ಮುಟ್ಟುವುದಾದರೆ ಹತ್ತು ಹನ್ನೊಂದು ವರ್ಷದ ಮಕ್ಕಳೇ ಬೇಕು, ಅವರಲ್ಲಿ ಬಹಳ ಮಂದಿ ತೆರೆಯ ಮೇಲೆ ಸಾಯಬೇಕು. ಮರಳುಗಾಡು ರಟ್ಟಿನದಾದರೂ ನಡೆಯುತ್ತದೆ. ಆದರೆ ಇದಕ್ಕೆ ಹಣ ಹಾಕುವ ಸಮಿತಿ ಯಾವುದಿದೆ ಹೇಳಿ?